ವಿಸ್ತರಿಸಬಹುದಾದ ಸಬ್‌ಕಮಾಂಡ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಸ್ಕ್ರಿಪ್ಟಿಂಗ್ ಭಾಷೆ ಕಟ್ಟುತ್ತಿರುವವರಿಗೆ, ಇಲ್ಲವೇ ಇರುವ ಭಾಷೆಯಲ್ಲೇ ಬೇರೆಯವರು ಬಂದು ಕೈಸೇರಿಸುವಂಥ ಟೂಲ್ ಬರೆಯುತ್ತಿರುವವರಿಗೆ ಈ ಪುಟ. ಇಲ್ಲಿ ಬರುವ `ಪಠ್ಯ`, `ಕಡತ` ಎಂಬ ಕಮಾಂಡ್‌ಗಳು ಉದಾಹರಣೆಗೆಂದು ನಾನೇ ಹುಟ್ಟಿಸಿದವು. ಟಿಕಲ್ (Tcl ಎಂಬ ಸ್ಕ್ರಿಪ್ಟಿಂಗ್ ಭಾಷೆ), ಗಿಟ್ (ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಟೂಲ್), ಕಾರ್ಗೋ (ರಸ್ಟ್ ಭಾಷೆಯ ಪ್ಯಾಕೇಜ್ ಟೂಲ್), ಪೈಥಾನ್ ಬಗ್ಗೆ ಹೇಳಿರುವುದು ಮಾತ್ರ ಅವು ನಿಜಕ್ಕೂ ನಡೆದುಕೊಳ್ಳುವ ಬಗೆ.

ಸಬ್‌ಕಮಾಂಡ್ ಯಾಕೆ? ಒಂದೊಂದು ಕೆಲಸಕ್ಕೆ ಒಂದೊಂದು ಕಮಾಂಡ್ ಇಟ್ಟರೆ ಆಗದೇ?

ಆಗುತ್ತದೆ, ಇಪ್ಪತ್ತು ಮೂವತ್ತು ಕಮಾಂಡ್ ಇರುವವರೆಗೆ. ಆಮೇಲೆ `ಪಠ್ಯದಉದ್ದ`, `ಪಟ್ಟಿಯಉದ್ದ`, `ಕಡತದಉದ್ದ` ಎಂದು ಹೆಸರುಗಳು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. `ಪಠ್ಯ ಉದ್ದ`, `ಪಠ್ಯ ಹುಡುಕು` ಎಂದು ಬರೆದರೆ ಮೊದಲ ಪದ ಯಾವುದರ ಮೇಲೆ ಎಂಬುದನ್ನೂ ಎರಡನೆಯದು ಏನು ಮಾಡಬೇಕು ಎಂಬುದನ್ನೂ ಹೇಳುತ್ತದೆ. ಆ ಎರಡನೆಯ ಪದವೇ ಸಬ್‌ಕಮಾಂಡ್. ಜಾನ್ ಔಸ್ಟರ್‌ಹೌಟ್ 1988ರಲ್ಲಿ ಬರ್ಕ್ಲಿಯಲ್ಲಿ ಕಟ್ಟಲು ತೊಡಗಿದ ಟಿಕಲ್ ಭಾಷೆಯ ಸ್ಟ್ರಿಂಗ್, ಫೈಲ್, ಇನ್ಫೋ ಕಮಾಂಡ್‌ಗಳೆಲ್ಲ ಈ ಅಚ್ಚಿನವೇ. ಗಿಟ್ ಬಳಸಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ವಿಸ್ತರಿಸಬಹುದಾದ" ಎಂದರೆ ಯಾರು ವಿಸ್ತರಿಸಬಹುದಾದ?

ಇದನ್ನು ಮೊದಲೇ ಕೇಳಿಕೊಳ್ಳದೆ ಕೋಡ್ ಬರೆಯಲು ಕೂತವರೇ ಹೆಚ್ಚು, ನಾನೂ ಅವರಲ್ಲೊಬ್ಬ. ಭಾಷೆಯ ಕರ್ತೃ ಮುಂದಿನ ಆವೃತ್ತಿಯಲ್ಲಿ ಹೊಸ ಸಬ್‌ಕಮಾಂಡ್ ಸೇರಿಸುವುದು ಒಂದು. ಪ್ಯಾಕೇಜ್ ಬರೆಯುವವರು ಭಾಷೆಯ ಮೂಲ ಕೋಡ್ ಮುಟ್ಟದೆ ಸೇರಿಸುವುದು ಇನ್ನೊಂದು. ಬಳಕೆದಾರ ತನ್ನ ಒಂದು ಸ್ಕ್ರಿಪ್ಟಿಗೆ ಸಾಕಾಗುವಷ್ಟು ಮಾತ್ರ ಸೇರಿಸಿಕೊಳ್ಳುವುದು ಮೂರನೆಯದು. ಈ ಮೂವರೂ ಒಂದೇ ಹೆಸರಿನ ಮೇಲೆ ಕಣ್ಣಿಡುತ್ತಾರೆ, ಮತ್ತು ಒಬ್ಬರಿಗೆ ಇನ್ನೊಬ್ಬರ ಸುಳಿವಿರುವುದಿಲ್ಲ. ಹೊಸ ಕೋಡನ್ನು ಕರೆಯುವ ಯಂತ್ರಾಂಗ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಯಾವ ಹೆಸರು ಯಾರದು ಎಂಬುದು ವರ್ಷಗಟ್ಟಲೆ ಕಾಡುತ್ತದೆ. ಈ ಪುಟದ ಬಹುಪಾಲು ಉತ್ತರಗಳು ಅದರ ಸುತ್ತಲೇ ಸುತ್ತುವುದನ್ನು ನೋಡುವಿರಿ.

ಒಂದೊಂದು ಹೆಸರಿಗೂ ಒಂದೊಂದು ಕವಲಿರುವ ಉದ್ದನೆಯ ಸ್ವಿಚ್ ಬರೆದರೆ ಸಾಲದೇ?

ನೀವೊಬ್ಬರೇ ಸೇರಿಸುವವರಾದರೆ ಖಂಡಿತ ಸಾಕು. ಓದಲು ಸುಲಭ, ಡೀಬಗ್ ಮಾಡಲು ಸುಲಭ, ವೇಗವೂ ಇದೆ. ಆದರೆ ಸ್ವಿಚ್‌ನಲ್ಲಿರುವ ಹೆಸರುಗಳು ಕೋಡ್‌ನೊಳಗೆ ಹೂತುಹೋಗಿವೆ. ಹೊರಗಿನಿಂದ "ನಿನ್ನಲ್ಲಿ ಯಾವ ಯಾವ ಸಬ್‌ಕಮಾಂಡ್ ಇವೆ?" ಎಂದು ಕೇಳಿದರೆ ಉತ್ತರಿಸುವವರಿಲ್ಲ. ಸಹಾಯ ಪುಟ, ಟ್ಯಾಬ್ ಒತ್ತಿದಾಗಿನ ಪೂರ್ಣಗೊಳಿಕೆ, ತಪ್ಪಿನ ಸಂದೇಶ ಮೂರಕ್ಕೂ ಅದೇ ಪಟ್ಟಿಯನ್ನು ಕೈಯಾರೆ ನಕಲು ಮಾಡುತ್ತೀರಿ, ಆರು ತಿಂಗಳಲ್ಲಿ ಮೂರು ಪಟ್ಟಿಗಳೂ ಮೂರು ಥರ ಆಗಿರುತ್ತವೆ.

ಇರುವ ಕಮಾಂಡಿನ ಹೆಸರು ಬದಲಿಸಿ, ಅದರ ಮೇಲೆ ನನ್ನದೊಂದು ಹೊದಿಕೆ ಹಾಕಿದರೆ?

ಟಿಕಲ್‌ನಲ್ಲಿ ಬಹುಕಾಲ ಜನ ಮಾಡುತ್ತಿದ್ದುದು ಇದನ್ನೇ. ಹಳೆಯ `ಪಠ್ಯ`ವನ್ನು `ಹಳೆಪಠ್ಯ` ಎಂದು ಮರುಹೆಸರಿಸಿ. ಹೊಸ `ಪಠ್ಯ` ಬರೆಯಿರಿ. ಬಂದ ಸಬ್‌ಕಮಾಂಡ್ `ಮಗುಚು` ಆಗಿದ್ದರೆ ತಾನೇ ಮಾಡಲಿ, ಬೇರೇನಾದರೂ ಆಗಿದ್ದರೆ `ಹಳೆಪಠ್ಯ`ಕ್ಕೆ ದಾಟಿಸಲಿ. ಹತ್ತು ಸಾಲಿನ ಕೆಲಸ, ಭಾಷೆಯ ಕಡೆಯಿಂದ ಯಾವ ಸಹಾಯವೂ ಬೇಡ. ಮೊದಲ ಹೊದಿಕೆ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಎರಡನೆಯದರಿಂದ.

ಇನ್ನೊಂದು ಪ್ಯಾಕೇಜೂ ಇದೇ ಉಪಾಯ ಮಾಡಿ, ಅದೂ `ಹಳೆಪಠ್ಯ` ಎಂಬ ಹೆಸರನ್ನೇ ಆರಿಸಿಕೊಂಡಿತು ಎನ್ನೋಣ. ಟಿಕಲ್ ಇಲ್ಲಿ ಮರ್ಯಾದಸ್ಥ: ಆ ಹೆಸರಿನ ಕಮಾಂಡ್ ಈಗಾಗಲೇ ಇದೆ ಎಂದು ಮರುಹೆಸರಿಸಲು ಒಪ್ಪುವುದೇ ಇಲ್ಲ. ಲುವಾ, ಪೈಥಾನ್‌ನಂಥ ಭಾಷೆಗಳಲ್ಲಿ ಇದೇ ಕೆಲಸ ಬರಿಯ ವೇರಿಯಬಲ್ ಅಸೈನ್‌ಮೆಂಟ್. ಎರಡನೆಯ ಪ್ಯಾಕೇಜ್ ಅದೇ ಗ್ಲೋಬಲ್ ಹೆಸರಿಗೆ ಮೊದಲ ಹೊದಿಕೆಯನ್ನು ಬರೆದುಬಿಡುತ್ತದೆ. ಈಗ ಮೊದಲ ಹೊದಿಕೆ "ಹಳೆಯದನ್ನು" ಕರೆದರೆ ತನ್ನನ್ನೇ ಕರೆದುಕೊಳ್ಳುತ್ತದೆ, ಸ್ಟ್ಯಾಕ್ ತುಂಬುವವರೆಗೂ. ಇದನ್ನು ಪತ್ತೆಹಚ್ಚಲು ನಾನು ಒಂದು ಇಡೀ ದಿನ ಕಳೆದಿದ್ದೇನೆ. ಎರಡು ಪ್ಯಾಕೇಜ್‌ಗಳನ್ನೂ ಬರೆದವನು ನಾನೇ ಎಂಬುದು ಸಂಜೆ ಹೊತ್ತಿಗೆ ನೆನಪಾಯಿತು.

ಕಾಣದಂತೆ ಕಚ್ಚುವ ತೊಂದರೆಗಳು ಇನ್ನೂ ಇವೆ. ಕರೆದವರ ವೇರಿಯಬಲ್‌ಗಳನ್ನು ಮುಟ್ಟುವ ಸಬ್‌ಕಮಾಂಡ್ ಇದ್ದರೆ (ಟಿಕಲ್‌ನ ಇನ್ಫೋ ಎಕ್ಸಿಸ್ಟ್ಸ್ ಅಂಥದ್ದು, ಇಂಥ ವೇರಿಯಬಲ್ ಇದೆಯೇ ಎಂದು ನೋಡುತ್ತದೆ) ಹೊದಿಕೆಯಿಂದಾಗಿ ಅದು ಒಂದು ಮಜಲು ಆಳದಲ್ಲಿ ಓಡುತ್ತದೆ, ಹೊದಿಕೆಯ ವೇರಿಯಬಲ್‌ಗಳನ್ನು ನೋಡಿ ತಪ್ಪು ಉತ್ತರ ಕೊಡುತ್ತದೆ. ಅಪ್‌ಲೆವೆಲ್ (ಕರೆದವರ ಮಜಲಿನಲ್ಲೇ ಓಡಿಸುವ ಟಿಕಲ್ ಕಮಾಂಡ್) ಹಾಕಿ ಸರಿಪಡಿಸಬಹುದು, ಮರೆಯದಿದ್ದರೆ. ತಪ್ಪು ಹೆಸರು ಕೊಟ್ಟಾಗ ಬರುವ ಸಂದೇಶ ಹಳೆಯ ಕಮಾಂಡಿನದು. ಅದರ ಪಟ್ಟಿಯಲ್ಲಿ ನಿಮ್ಮ `ಮಗುಚು` ಇರುವುದಿಲ್ಲ. ಹೊದಿಕೆ ಕಳಚಬೇಕೆಂದರೆ ಕೊನೆಗೆ ಹೊದಿಸಿದವರೇ ಮೊದಲು ಕಳಚಬೇಕು, ನಡುವಿನದನ್ನು ಎಳೆದರೆ ಇಡೀ ಸರಪಳಿ ಹರಿಯುತ್ತದೆ.

ಟೇಬಲ್ ಇಟ್ಟರೆ ಇವೆಲ್ಲ ಹೋಗುತ್ತವೆಯೇ?

ಹೆಚ್ಚಿನವು ಹೋಗುತ್ತವೆ. 2007ರ ಕೊನೆಗೆ ಬಂದ ಟಿಕಲ್ 8.5 ಮಾಡಿದ್ದು ಇದನ್ನೇ. ಅಲ್ಲಿ ಇದಕ್ಕೆ ನೇಮ್‌ಸ್ಪೇಸ್ ಎನ್ಸೆಂಬಲ್ ಎಂದು ಹೆಸರು (ನೇಮ್‌ಸ್ಪೇಸ್ ಎಂದರೆ ಹೆಸರುಗಳ ಒಂದು ಪ್ರತ್ಯೇಕ ಕೋಣೆ). ಕಮಾಂಡ್ ಎಂದರೆ ಒಂದು ನಕ್ಷೆ, ಅಂದರೆ ಟೇಬಲ್: ಎಡಕ್ಕೆ ಸಬ್‌ಕಮಾಂಡಿನ ಹೆಸರು, ಬಲಕ್ಕೆ ಅದು ಬಂದಾಗ ಓಡಬೇಕಾದ ಕಮಾಂಡ್. ಬಲಗಡೆಯದು ಬರೀ ಒಂದು ಹೆಸರಾಗಿರಬೇಕಿಲ್ಲ, ಕೆಲವು ಆರ್ಗ್ಯುಮೆಂಟ್‌ಗಳನ್ನು ಮೊದಲೇ ತುಂಬಿಟ್ಟ ಪದಗಳ ಸಾಲೂ ಆಗಬಹುದು. ಸ್ಕ್ರಿಪ್ಟಿನಿಂದಲೇ ನಕ್ಷೆಯನ್ನು ಓದಿ, ಒಂದು ನಮೂದು ಸೇರಿಸಿ, ಮರಳಿ ಬರೆದರೆ ಮುಗಿಯಿತು. ಕರೆಯ ಮಜಲು ಹೆಚ್ಚುವುದಿಲ್ಲ, ತಪ್ಪಿನ ಸಂದೇಶದ ಪಟ್ಟಿಯಲ್ಲಿ ಹೊಸ ಹೆಸರು ತಾನಾಗಿ ಬರುತ್ತದೆ, ಕಳಚಲು ಯಾವ ಸರದಿಯೂ ಬೇಡ.

ನನ್ನ ಒಂದು ತಕರಾರು: ಟಿಕಲ್‌ನಲ್ಲಿ ಬರೆಯುವಾಗ ಇಡೀ ನಕ್ಷೆಯನ್ನೇ ಬರೆಯಬೇಕು. ಓದಿ, ಸೇರಿಸಿ, ಬರೆಯುವ ಶಿಸ್ತು ಪ್ಯಾಕೇಜ್ ಬರೆಯುವವರ ಮೇಲೆ ಬೀಳುತ್ತದೆ. ಆರಂಭದಲ್ಲೇ ಓದಿ ಇಟ್ಟುಕೊಂಡಿದ್ದ ಹಳೆಯ ನಕ್ಷೆಯ ಮೇಲೆ ಯಾರಾದರೂ ಸೇರಿಸಿ ಬರೆದರೆ, ನಡುವೆ ಬಂದವರ ನಮೂದುಗಳು ಸದ್ದಿಲ್ಲದೆ ಅಳಿಸಿಹೋಗುತ್ತವೆ. ಇನ್ನೂ ಒಂದು ಗಂಟು ಇದೆ. ಎನ್ಸೆಂಬಲ್‌ಗೆ ಸಬ್‌ಕಮಾಂಡ್‌ಗಳ ಪ್ರತ್ಯೇಕ ಪಟ್ಟಿಯನ್ನೂ ಕೊಟ್ಟಿದ್ದರೆ, ನಕ್ಷೆಗೆ ಮಾತ್ರ ಸೇರಿಸಿ ಪ್ರಯೋಜನವಿಲ್ಲ. ಆ ಪಟ್ಟಿಯೇ ಕೊನೆಯ ಮಾತು. ನೀವು ಹೊಸದಾಗಿ ವಿನ್ಯಾಸ ಮಾಡುವವರಾದರೆ "ಈ ಒಂದು ಹೆಸರು ಸೇರಿಸು", "ಈ ಒಂದು ಹೆಸರು ತೆಗೆ" ಎಂಬ ಎರಡು ಕೆಲಸಗಳನ್ನೇ ಹೊರಗೆ ಕೊಡಿ. ಇಡೀ ಟೇಬಲ್ ಓದಲು ಸಿಗಲಿ, ಇಡಿಯಾಗಿ ಬರೆಯಲು ಬೇಡ.

ಟೇಬಲ್ ಯಾಕೆ? ಒಂದು ನಿಯಮದಂತೆ ಹೆಸರಿಟ್ಟ ಫಂಕ್ಷನ್‌ಗಳನ್ನು ಹುಡುಕಿದರೆ ಸಾಕಲ್ಲ?

ಪೈಥಾನ್‌ನ ಸಿಎಂಡಿ ಮಾಡ್ಯೂಲ್ ಹೀಗೆಯೇ: ಕ್ಲಾಸಿನಲ್ಲಿ "ಡೂ ಅಂಡರ್‌ಸ್ಕೋರ್" ಎಂದು ಶುರುವಾಗುವ ಮೆಥಡ್ ಬರೆದರೆ ಅದೇ ಕಮಾಂಡ್, "ಹೆಲ್ಪ್ ಅಂಡರ್‌ಸ್ಕೋರ್" ಎಂದು ಶುರುವಾದರೆ ಅದರ ಸಹಾಯ. ನೋಂದಣಿಯ ಗೊಡವೆಯೇ ಇಲ್ಲ. ಬ್ಯಾಶ್ ಶೆಲ್‌ನಲ್ಲಿ ಟೂಲ್ ಬರೆಯುವವರೂ ಇದನ್ನೇ ಇಷ್ಟಪಡುತ್ತಾರೆ. ಸಣ್ಣ ಟೂಲ್‌ಗೆ ನಾನೂ ಇದನ್ನೇ ಬಳಸುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಆ ಮುನ್ನೊತ್ತು (ಹೆಸರಿನ ಶುರುವಿಗೆ ಅಂಟಿಸುವ ಭಾಗ) ಅಲಂಕಾರಕ್ಕಲ್ಲ, ಅದು ಬೇಲಿ. ಬ್ಯಾಶ್‌ನಲ್ಲಿ ಬಳಕೆದಾರ ಕೊಟ್ಟ ಮೊದಲ ಪದವನ್ನು ಹಾಗೆಯೇ ಓಡಿಸಿದರೆ, ಅವನು ನಿಮ್ಮ ಫಂಕ್ಷನ್ ಹೆಸರನ್ನೇ ಕೊಡಬೇಕೆಂದಿಲ್ಲ. ಆ ಯಂತ್ರದಲ್ಲಿರುವ ಯಾವ ಪ್ರೋಗ್ರಾಮಿನ ಹೆಸರು ಕೊಟ್ಟರೂ ಅದು ಓಡುತ್ತದೆ. ಮುನ್ನೊತ್ತು ಸೇರಿಸಿ, ಆ ಹೆಸರಿನ ಫಂಕ್ಷನ್ ಇದೆಯೇ ಎಂದು ನೋಡಿ, ಆಮೇಲೆ ಕರೆಯಿರಿ.

ಗೊತ್ತಿಲ್ಲದ ಸಬ್‌ಕಮಾಂಡ್ ಬಂದಾಗ ಕರೆಯಲು ಒಂದು ಹ್ಯಾಂಡ್ಲರ್ ಕೊಟ್ಟರೆ?

ರೂಬಿ ಭಾಷೆಯ ಮೆಥಡ್ ಮಿಸ್ಸಿಂಗ್, ಲುವಾದ ಇಂಡೆಕ್ಸ್ ಮೆಟಾಮೆಥಡ್, ಟಿಕಲ್ ಎನ್ಸೆಂಬಲ್‌ನ ಅನ್‌ನೋನ್ ಹ್ಯಾಂಡ್ಲರ್ ಎಲ್ಲವೂ ಈ ಜಾತಿಯವು. ಇದಕ್ಕಿಂತ ಸಡಿಲವಾದ ಬಾಗಿಲು ಇನ್ನೊಂದಿಲ್ಲ, ಅದೇ ಇದರ ಕಷ್ಟ. ಟೈಪಿಂಗ್ ತಪ್ಪಿಗೂ ಹೊಸ ಸೌಲಭ್ಯಕ್ಕೂ ವ್ಯತ್ಯಾಸ ತಿಳಿಯದು. ಹ್ಯಾಂಡ್ಲರ್ ನಿಭಾಯಿಸಬಲ್ಲ ಹೆಸರುಗಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ರೂಬಿ ಈ ಕುರುಡನ್ನು ಸರಿಪಡಿಸಲೆಂದೇ 1.9.2ರಲ್ಲಿ "ಇದಕ್ಕೆ ಉತ್ತರಿಸುತ್ತೀಯಾ" ಎಂಬ ಪ್ರಶ್ನೆಗೆ ಬೇರೆಯದೇ ಒಂದು ಮೆಥಡ್ ತಂದಿತು. ಅದನ್ನು ಬರೆಯಲು ಮರೆಯುವುದು ಈಗಲೂ ಸಾಮಾನ್ಯ.

ಟಿಕಲ್‌ನವರು ಇದಕ್ಕೆ ಹಾಕಿದ ಕಡಿವಾಣ ನನಗೆ ಬಹಳ ಹಿಡಿಸಿದೆ. ಹ್ಯಾಂಡ್ಲರ್ ಎರಡರಲ್ಲಿ ಒಂದು ಮಾಡಬಹುದು. ಓಡಬೇಕಾದ ಕಮಾಂಡಿನ ಪದಗಳನ್ನು ಹಿಂದಿರುಗಿಸಬಹುದು. ಇಲ್ಲವೇ ಟೇಬಲ್‌ಗೆ ಹೊಸ ಹೆಸರು ಸೇರಿಸಿ, ಖಾಲಿ ಪಟ್ಟಿ ಹಿಂದಿರುಗಿಸಬಹುದು. ಖಾಲಿ ಬಂದರೆ ಎನ್ಸೆಂಬಲ್ ಮತ್ತೊಮ್ಮೆ ಟೇಬಲ್ ನೋಡುತ್ತದೆ, ಒಂದೇ ಒಂದು ಸಲ. ಆಗಲೂ ಸಿಗದಿದ್ದರೆ ತಪ್ಪು ಎಂದು ಹೇಳಿ ನಿಲ್ಲುತ್ತದೆ. ಹೀಗಾಗಿ ಹ್ಯಾಂಡ್ಲರನ್ನು "ಬೇಕಾದಾಗ ಪ್ಯಾಕೇಜ್ ತಂದು ಟೇಬಲ್‌ಗೆ ಹಾಕು" ಎಂಬ ಒಂದೇ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಅದು ಕೊನೆಯಿಲ್ಲದೆ ಸುತ್ತುವ ಭಯವೂ ಇಲ್ಲ.

ಸಂಕ್ಷಿಪ್ತ ಹೆಸರು ಬಿಡಬಹುದೇ? `ಪಠ್ಯ ತಿರುಗಿಸು` ಬದಲು `ಪಠ್ಯ ತಿ` ಎಂದು?

ಪ್ರಾಂಪ್ಟಿನ ಮುಂದೆ ಕೂತು ಟೈಪ್ ಮಾಡುವವರಿಗೆ ಬಿಡಿ. ಕಡತದಲ್ಲಿ ಉಳಿಯುವ ಸ್ಕ್ರಿಪ್ಟಿಗೆ ಬಿಡಬೇಡಿ. ಟಿಕಲ್ ಎನ್ಸೆಂಬಲ್‌ನಲ್ಲಿ ಹೆಸರಿನ ಮೊದಲ ಕೆಲವು ಅಕ್ಷರ ಸಾಕು ಎಂಬುದು ಪೂರ್ವನಿಯೋಜಿತ ನಡೆ, ಬೇಡವೆಂದರೆ ಆಫ್ ಮಾಡಬೇಕು. ನನ್ನ ಮಟ್ಟಿಗೆ ಅದು ತಲೆಕೆಳಗಾಗಿದೆ.

ಯಾಕೆಂದರೆ ಸಂಕ್ಷಿಪ್ತ ಹೆಸರಿನ ಅರ್ಥ ಅದರಲ್ಲೇ ಇಲ್ಲ. ಟೇಬಲ್‌ನಲ್ಲಿ ಅಕ್ಕಪಕ್ಕ ಯಾರಿದ್ದಾರೆ ಎಂಬುದರಲ್ಲಿದೆ. ಟೇಬಲ್ ವಿಸ್ತರಿಸಬಹುದಾದದ್ದು ಎಂದಮೇಲೆ ನೆರೆಹೊರೆ ಬದಲಾಗುತ್ತಲೇ ಇರುತ್ತದೆ. ಬದಲಾವಣೆ ಮೂರು ಬಗೆಯಲ್ಲಿ ಬರುತ್ತದೆ, ಮೂರೂ ಒಂದೇ ಥರ ಅಪಾಯಕರವಲ್ಲ.

`ಪಠ್ಯ`ಕ್ಕೆ ಯಾರೋ `ತಿದ್ದು` ಸೇರಿಸಿದರು. ಈಗ `ತಿ` ಎಂದರೆ ಯಾವುದೆಂದು ಗೊತ್ತಾಗದೆ ಸ್ಕ್ರಿಪ್ಟ್ ನಿಲ್ಲುತ್ತದೆ. ಕಿರಿಕಿರಿ, ಆದರೆ ಕೂಗಿ ಹೇಳುವ ತಪ್ಪು. ನಿಜವಾದ ಟಿಕಲ್‌ನಲ್ಲೂ ಇದು ನಡೆಯುತ್ತದೆ. 8.6ರವರೆಗೆ ಸ್ಟ್ರಿಂಗ್ ಕಮಾಂಡಿಗೆ "ಐಎನ್" ಎಂಬ ಎರಡಕ್ಷರ ಕೊಟ್ಟರೆ ಇಂಡೆಕ್ಸ್ ಎಂದೇ ಅರ್ಥ. 2024ರಲ್ಲಿ ಬಂದ 9.0ರಲ್ಲಿ ಇನ್ಸರ್ಟ್ ಕೂಡ ಇದೆ, ಹಾಗಾಗಿ ಆ ಎರಡಕ್ಷರ ಈಗ ಯಾರಿಗೂ ಸೇರಿದ್ದಲ್ಲ.

ಎರಡನೆಯದು: ಯಾರೋ ಸರಿಯಾಗಿ `ತಿರು` ಎಂಬ ಹೆಸರಿನದೇ ಒಂದು ಸಬ್‌ಕಮಾಂಡ್ ಸೇರಿಸಿದರು. ಪೂರ್ತಿ ಹೊಂದುವ ಹೆಸರಿಗೆ ಮೊದಲ ಹಕ್ಕು. ನೀವು `ತಿರುಗಿಸು` ಎಂಬರ್ಥದಲ್ಲಿ `ತಿರು` ಎಂದು ಬರೆದಿದ್ದ ಸ್ಕ್ರಿಪ್ಟ್ ಈಗ ಬೇರೆಯದನ್ನೇ ಕರೆಯುತ್ತದೆ, ಒಂದು ಸದ್ದೂ ಇಲ್ಲದೆ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಅದರ ಬಗ್ಗೆ ಮಾತಾಡುವವರೂ ಕಡಿಮೆ: ತೆಗೆದುಹಾಕುವಿಕೆ. `ಕಡತ ಅಳತೆ` ಎಂಬುದು ಗಾತ್ರ ಹೇಳುತ್ತದೆ, `ಕಡತ ಅಳಿಸು` ಅಳಿಸುತ್ತದೆ ಎಂದುಕೊಳ್ಳಿ. ಎರಡೂ ಇರುವಾಗ `ಅಳ` ಎಂಬುದಕ್ಕೆ ಅರ್ಥವಿಲ್ಲ, ಭಾಷೆ ನಿರಾಕರಿಸುತ್ತದೆ. ಒಂದು ದಿನ `ಅಳತೆ`ಯನ್ನು ಕೊಟ್ಟಿದ್ದ ಪ್ಯಾಕೇಜ್ ಲೋಡ್ ಆಗಲಿಲ್ಲ. ಈಗ `ಅಳ` ಎಂದರೆ ನಿಸ್ಸಂದೇಹವಾಗಿ `ಅಳಿಸು`. ನಿನ್ನೆ ತಪ್ಪು ಎಂದು ನಿಂತಿದ್ದ ಸಾಲು ಇವತ್ತು ಕಡತ ಅಳಿಸುತ್ತದೆ.

ಕನ್ನಡದಲ್ಲೇ ಸಬ್‌ಕಮಾಂಡ್ ಹೆಸರಿಟ್ಟರೆ ಬೇರೆ ತೊಡಕು ಇದೆಯೇ?

ಇದೆ, ಮೇಲಿನ ಉದಾಹರಣೆಯಲ್ಲೇ ಅಡಗಿದೆ. `ಅಳ` ಎಂಬುದು `ಅಳಿಸು`ವಿನ ಮೊದಲ ಭಾಗವೇ? ಕಣ್ಣಿಗೆ ಅಲ್ಲ: ಒಂದರಲ್ಲಿ ಳ ಇದೆ, ಇನ್ನೊಂದರಲ್ಲಿ ಳಿ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಹೌದು, ಏಕೆಂದರೆ ಳಿ ಎಂದರೆ ಳ, ಅದರ ಮುಂದೆ ಗುಡಿಸಿನ ಚಿಹ್ನೆ. ಹೆಚ್ಚಿನ ಭಾಷೆಗಳ ಹೋಲಿಕೆ ನಡೆಯುವುದು ಈ ಸಂಕೇತಗಳ ಮೇಲೆ. ಸಂಕ್ಷಿಪ್ತ ಹೆಸರು ಬಿಡುವುದೇ ಆದರೆ ಓದುವವರು ಅಕ್ಷರ ಎಂದುಕೊಳ್ಳುವ ಗುಚ್ಛದ ಗಡಿಯಲ್ಲಿ ಹೋಲಿಸಬೇಕು, ಇಲ್ಲದಿದ್ದರೆ ಟ್ಯಾಬ್ ಪೂರ್ಣಗೊಳಿಕೆ ಯಾರೂ ಊಹಿಸದ ಹೆಸರು ತೋರಿಸುತ್ತದೆ.

ಇನ್ನೊಂದು ಗುಟ್ಟು: `ತೋರಿಸು` ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಸಾಲಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಟೇಬಲ್‌ಗೆ ಎರಡು ಬೇರೆ ಹೆಸರು. ಟೇಬಲ್‌ಗೆ ಹಾಕುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯೂನಿಕೋಡ್‌ನ ಏಕರೂಪ) ತಂದುಕೊಳ್ಳಿ. ಕಣ್ಣಿಗೆ ಕಾಣದ ಸೊನ್ನೆ ಅಗಲದ ಚಿಹ್ನೆಗಳು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಅವುಗಳ ಬಗ್ಗೆ ಬೇರೆಯೇ ನಿಯಮ ಮಾಡಬೇಕು.

ಗಿಟ್ ಮಾಡುವಂತೆ ಹೊರಗಿನ ಪ್ರೋಗ್ರಾಮನ್ನೇ ಸಬ್‌ಕಮಾಂಡ್ ಮಾಡಿದರೆ?

ಗಿಟ್‌ನಲ್ಲಿ "ಗಿಟ್-" ಎಂದು ಶುರುವಾಗುವ ಯಾವ ಪ್ರೋಗ್ರಾಮ್ ಪಾಥ್‌ನಲ್ಲಿ (ಯಂತ್ರ ಪ್ರೋಗ್ರಾಮ್‌ಗಳನ್ನು ಹುಡುಕುವ ಡೈರೆಕ್ಟರಿಗಳಲ್ಲಿ) ಇದ್ದರೂ ಅದು ಸಬ್‌ಕಮಾಂಡ್ ಆಗುತ್ತದೆ. ರಸ್ಟ್ ಭಾಷೆಯ ಕಾರ್ಗೋ, ಕುಬರ್ನೆಟೀಸ್‌ನ ಕ್ಯೂಬ್‌ಸಿಟಿಎಲ್ ಎರಡರದೂ ಇದೇ ದಾರಿ. ಪ್ಲಗಿನ್ ಯಾವ ಭಾಷೆಯಲ್ಲಿ ಬೇಕಾದರೂ ಇರಲಿ, ಕೆಟ್ಟು ಬಿದ್ದರೆ ತಾನೊಂದೇ ಬೀಳುತ್ತದೆ, ಇನ್‌ಸ್ಟಾಲ್ ಮಾಡುವುದೆಂದರೆ ಒಂದು ಫೈಲ್ ನಕಲಿಸುವುದು. ಟೂಲ್‌ಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಹೇಳಲಾರೆ.

ಸ್ಕ್ರಿಪ್ಟಿಂಗ್ ಭಾಷೆಯ ಒಳಗಿನ ಕಮಾಂಡ್‌ಗೆ ಇದು ಹೊಂದುವುದಿಲ್ಲ. ಬೇರೆ ಪ್ರೊಸೆಸ್ ನಿಮ್ಮ ವೇರಿಯಬಲ್ ಮುಟ್ಟಲಾರದು, ನಿಮ್ಮ ಡೈರೆಕ್ಟರಿ ಬದಲಿಸಲಾರದು; ಕೊಟ್ಟುಕೊಳ್ಳುವುದೆಲ್ಲ ಅಕ್ಷರಗಳ ಸಾಲಾಗಿ ಹೋಗಿಬರಬೇಕು. ಲೂಪ್ ಒಳಗೆ ಸಾವಿರ ಸಲ ಕರೆದರೆ ಸಾವಿರ ಪ್ರೊಸೆಸ್ ಹುಟ್ಟಿ ಸಾಯುತ್ತವೆ.

ಟೂಲ್‌ಗೇ ಆದರೂ ಅಂಚುಗಳಲ್ಲಿ ಸಣ್ಣ ಮುಳ್ಳುಗಳಿವೆ. ಗಿಟ್‌ನಲ್ಲಿ ಸಬ್‌ಕಮಾಂಡಿನ ಮುಂದೆ "ಹೆಲ್ಪ್" ಆಯ್ಕೆ ಕೊಟ್ಟರೆ ಅದು ಪ್ಲಗಿನ್‌ವರೆಗೆ ಹೋಗುವುದೇ ಇಲ್ಲ. ಗಿಟ್ ಅದನ್ನು ನಡುವೆಯೇ ಹಿಡಿದು ಮ್ಯಾನ್ ಪುಟ (ಕೈಪಿಡಿಯ ಪುಟ) ಹುಡುಕುತ್ತದೆ, ಪ್ಲಗಿನ್ ಬರೆದವರು ಮ್ಯಾನ್ ಪುಟ ಬರೆದಿರದಿದ್ದರೆ ಬಳಕೆದಾರನಿಗೆ ಸಿಗುವುದು ಅಂಥ ಪುಟವಿಲ್ಲ ಎಂಬ ಉತ್ತರ. ಕಾರ್ಗೋ ತನ್ನ ಪ್ಲಗಿನ್‌ಗೆ ಸಬ್‌ಕಮಾಂಡಿನ ಹೆಸರನ್ನೇ ಮೊದಲ ಆರ್ಗ್ಯುಮೆಂಟ್ ಆಗಿ ಮತ್ತೊಮ್ಮೆ ಕೊಡುತ್ತದೆ. ಅದು ತಿಳಿಯದೆ ಮೊದಲ ಪ್ಲಗಿನ್ ಬರೆದವರೆಲ್ಲ ಒಮ್ಮೆ ತಲೆಕೆರೆದುಕೊಂಡಿರುತ್ತಾರೆ. ಗಿಟ್‌ನ ಸ್ವಂತ ಕಮಾಂಡ್‌ಗಳೂ ಒಂದು ಕಾಲಕ್ಕೆ ಹೀಗೆ ನೂರಕ್ಕೂ ಹೆಚ್ಚು ಬಿಡಿ ಪ್ರೋಗ್ರಾಮ್‌ಗಳಾಗಿ ಪಾಥ್ ತುಂಬ ಹರಡಿದ್ದವು. 2008ರ 1.6.0ರಲ್ಲಿ ಅವನ್ನು ಒಳಗಿನ ಡೈರೆಕ್ಟರಿಗೆ ಸಾಗಿಸಿದಾಗ, ನಡುವೆ ಅಡ್ಡಗೆರೆ ಇಟ್ಟು ಬರೆದಿದ್ದ ಹಳೆಯ ಸ್ಕ್ರಿಪ್ಟ್‌ಗಳು ಮುರಿದವು.

ಈಗಾಗಲೇ ಇರುವ ಸಬ್‌ಕಮಾಂಡನ್ನು ಬದಲಿಸಲು ಬಿಡಬೇಕೇ?

ಗಿಟ್ ಬಿಡುವುದಿಲ್ಲ: ಒಳಗಿನ ಕಮಾಂಡಿನ ಹೆಸರಿಗೆ ನೀವು ಏಲಿಯಾಸ್ (ನಿಮ್ಮದೇ ಬದಲಿ ಅರ್ಥ) ಬರೆದರೆ ಅದನ್ನು ಸುಮ್ಮನೆ ಕಡೆಗಣಿಸುತ್ತದೆ. ಕಾರಣ ಸರಳ. ಬೇರೆಯವರ ಸ್ಕ್ರಿಪ್ಟ್ ನಿಮ್ಮ ಯಂತ್ರದಲ್ಲಿ ಓಡುವಾಗ ಆ ಹೆಸರಿಗೆ ಅವರು ತಿಳಿದ ಅರ್ಥವೇ ಇರಬೇಕು. ಟಿಕಲ್ ಬಿಡುತ್ತದೆ, ಆ ಭಾಷೆಯ ಸ್ವಭಾವವೇ ಅದು.

ನಾನು ನಡುವಿನ ದಾರಿ ಹಿಡಿಯುತ್ತೇನೆ. ಸೇರಿಸುವ ಕೆಲಸ ಬೇರೆ, ಬದಲಿಸುವ ಕೆಲಸ ಬೇರೆ, ಎರಡಕ್ಕೂ ಬೇರೆ ಬೇರೆ ಹೆಸರು. ಇರುವ ಹೆಸರಿನ ಮೇಲೆ "ಸೇರಿಸು" ಎಂದರೆ ತಪ್ಪು. "ಬದಲಿಸು" ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಬದಲಾವಣೆ, ಅದೂ ಹಳೆಯದನ್ನು ಕೈಗೆ ಹಿಂದಿರುಗಿಸಿ.

ಭಾಷೆಯೇ ಮುಂದೆ ಅದೇ ಹೆಸರು ತಂದರೆ ನನ್ನ ಪ್ಯಾಕೇಜಿನ ಗತಿ?

ಇದಕ್ಕೆ ಜಾವಾಸ್ಕ್ರಿಪ್ಟ್‌ಗಿಂತ ದೊಡ್ಡ ಪಾಠಶಾಲೆ ಇಲ್ಲ. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅರೇಗಳಿಗೆ ತನ್ನದೇ ಫ್ಲಾಟನ್ ಮೆಥಡ್ ಸೇರಿಸಿತ್ತು. ವರ್ಷಗಳ ಮೇಲೆ ಭಾಷೆಗೆ ಅದೇ ಹೆಸರಿನ ಮೆಥಡ್ ತರಲು ಹೊರಟಾಗ, ಆ ಲೈಬ್ರರಿ ಬಳಸುವ ಹಳೆಯ ಜಾಲತಾಣಗಳು ಮುರಿಯುತ್ತವೆಂದು ತಿಳಿಯಿತು. ಕೊನೆಗೆ 2019ರ ಆವೃತ್ತಿಯಲ್ಲಿ ಅದು ಫ್ಲಾಟ್ ಎಂಬ ಹೆಸರಿನಲ್ಲಿ ಬಂತು. ಪ್ಯಾಕೇಜ್ ಭಾಷೆಗೆ ಅಡ್ಡಬರುವುದು ಹೀಗೆ. ಭಾಷೆ ಪ್ಯಾಕೇಜಿಗೆ ಅಡ್ಡಬರುವುದು ದಿನನಿತ್ಯದ ಸುದ್ದಿ.

ಎಚ್‌ಟಿಎಂಎಲ್‌ನವರು ಮೊದಲೇ ಗಡಿ ಎಳೆದರು: ಹೊರಗಿನವರು ಸೇರಿಸುವ ಎಲಿಮೆಂಟಿನ ಹೆಸರಿನ ನಡುವೆ ಒಂದು ಅಡ್ಡಗೆರೆ ಇರಲೇಬೇಕು, ಭಾಷೆ ತನಗಾಗಿ ಅಂಥ ಹೆಸರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಭಾಷೆಯಲ್ಲೂ ಇದನ್ನು ಮಾಡಬಹುದು. ಬೆಲೆ ಏನೆಂದರೆ, ಹೊರಗಿನದು ಸದಾ ಹೊರಗಿನದಾಗಿಯೇ ಕಾಣುತ್ತದೆ. ಮುಂದೆ ಅದನ್ನು ಭಾಷೆಯೇ ಒಳಗೆ ಕರೆದುಕೊಂಡರೆ ಹೆಸರು ಬದಲಾಗಬೇಕು. ಇಂಟರ್ನೆಟ್ ಹೆಡರ್‌ಗಳಲ್ಲಿ "ಎಕ್ಸ್-" ಎಂಬ ಮುನ್ನೊತ್ತಿಗೆ ಆದದ್ದು ಇದೇ. ಪ್ರಯೋಗಕ್ಕೆಂದು ಇಟ್ಟ ಹೆಸರುಗಳು ಬೇರೂರಿ, ಹಳೆಯ ಹೆಸರು ಹೊಸ ಹೆಸರು ಎರಡನ್ನೂ ಹೊರಬೇಕಾಗಿ ಬಂದು, 2012ರ ಆರ್‌ಎಫ್‌ಸಿ 6648 ಎಂಬ ಇಂಟರ್ನೆಟ್ ದಾಖಲೆ ಆ ರೂಢಿಯನ್ನೇ ಕೈಬಿಡಲು ಹೇಳಿತು. ಎರಡೂ ಅನುಭವ ನಿಜ. ನನ್ನ ಆಯ್ಕೆ ಗಡಿಯ ಕಡೆಗೆ: ಎರಡು ಹೆಸರು ಹೊರುವುದು ಬೇಸರದ ಕೆಲಸ ಅಷ್ಟೇ, ಡಿಕ್ಕಿ ಹೊಡೆಸಿಕೊಳ್ಳುವುದು ಬೇರೆ.

ನನ್ನ ಪ್ಯಾಕೇಜ್ ಒಳಗೆ ಮಾತ್ರ ಕಾಣುವಂತೆ ಸೇರಿಸಬಹುದೇ?

ಸಾಧ್ಯವಿದ್ದರೆ ಇದನ್ನೇ ಮಾಡಿ. ರೂಬಿಯ ರಿಫೈನ್‌ಮೆಂಟ್‌ಗಳು ಇರುವುದು ಇದಕ್ಕಾಗಿಯೇ. ಟಿಕಲ್‌ನಲ್ಲಿ ಬೇರೆ ಸೌಲಭ್ಯವೇ ಬೇಡ: ಕಮಾಂಡಿನ ಹೆಸರನ್ನು ಮೊದಲು ಈಗಿನ ನೇಮ್‌ಸ್ಪೇಸಿನಲ್ಲಿ, ಆಮೇಲೆ ಗ್ಲೋಬಲ್‌ನಲ್ಲಿ ಹುಡುಕುತ್ತದೆ. ನಿಮ್ಮ ನೇಮ್‌ಸ್ಪೇಸಿನಲ್ಲಿ ಅದೇ ಹೆಸರಿನ ಎನ್ಸೆಂಬಲ್ ಮಾಡಿ, ಮೂಲದ ನಕ್ಷೆಯ ನಕಲಿಗೆ ನಿಮ್ಮವನ್ನು ಸೇರಿಸಿಕೊಂಡರೆ ಹೊರಗಿನವರಿಗೆ ಏನೂ ತಿಳಿಯದು. ನಕಲು ಮಾಡಿದ ಮೇಲೆ ಮೂಲದ ನಕ್ಷೆಗೆ ಬಂದ ಹೊಸ ನಮೂದುಗಳು ನಿಮಗೆ ಕಾಣುವುದಿಲ್ಲ ಎಂಬುದು ಇದರ ಕೊರತೆ. ನನಗೆ ಅದು ಎಂದೂ ತೊಂದರೆಯಾಗಿಲ್ಲ.

ವೇಗದ ಕಥೆ ಏನು?

ಹ್ಯಾಶ್ ಟೇಬಲ್‌ನಲ್ಲಿ ಒಂದು ಹೆಸರು ಹುಡುಕುವ ಖರ್ಚು ನಗಣ್ಯ. ನಿಜವಾದ ಖರ್ಚು ಸ್ಕ್ರಿಪ್ಟನ್ನು ಮೊದಲು ಬೈಟ್‌ಕೋಡ್ ಆಗಿ (ಸಣ್ಣ ಇನ್‌ಸ್ಟ್ರಕ್ಷನ್‌ಗಳ ಸಾಲಾಗಿ) ಕಂಪೈಲ್ ಮಾಡುವ ಭಾಷೆಗಳಲ್ಲಿ. `ಪಠ್ಯ ಉದ್ದ` ಎಂಬುದನ್ನು ಕಂಪೈಲರ್ ಒಂದೇ ಇನ್‌ಸ್ಟ್ರಕ್ಷನ್ ಆಗಿ ಇಳಿಸಬಹುದು, ಆದರೆ ಯಾರೂ ಟೇಬಲ್ ಬದಲಿಸುವುದಿಲ್ಲ ಎಂಬ ಭರವಸೆ ಇದ್ದರೆ. ಟಿಕಲ್ ಇದಕ್ಕೆ ಒಂದು ಎಣಿಕೆ ಇಟ್ಟುಕೊಂಡಿದೆ, ಕಂಪೈಲ್ ಇಪಾಕ್ ಎಂದು. ಕಂಪೈಲ್ ಆದ ಕೋಡಿನ ಊಹೆ ಸುಳ್ಳಾಗುವಂಥ ಬದಲಾವಣೆಯಾದಾಗ ಆ ಸಂಖ್ಯೆ ಏರುತ್ತದೆ; ಹಳೆಯ ಸಂಖ್ಯೆ ಹೊತ್ತ ಬೈಟ್‌ಕೋಡ್ ಮತ್ತೆ ಕಂಪೈಲ್ ಆಗುತ್ತದೆ. ಪ್ರೋಗ್ರಾಮ್ ಶುರುವಾಗುವಾಗ ಎಲ್ಲ ಸೇರಿಸಿ ಮುಗಿಸಿದರೆ ಖರ್ಚು ಗೊತ್ತಾಗುವುದೇ ಇಲ್ಲ. ಲೂಪ್ ಒಳಗೆ ಟೇಬಲ್ ತಿದ್ದುವವರು ಮಾತ್ರ ದಂಡ ತೆರುತ್ತಾರೆ.

ಶುರುವಾಗುವ ಹೊತ್ತು ಬೇರೆ ಲೆಕ್ಕ. ಸಹಾಯ ಪಟ್ಟಿ ತೋರಿಸಲು ಎಲ್ಲ ಪ್ಲಗಿನ್‌ಗಳನ್ನೂ ಲೋಡ್ ಮಾಡುವ ಟೂಲ್‌ಗಳನ್ನು ನೋಡಿದ್ದೇನೆ. ಹೆಸರು ಮತ್ತು ಒಂದು ಸಾಲಿನ ವಿವರಣೆ ಟೇಬಲ್‌ನಲ್ಲಿರಲಿ, ಕೋಡ್ ಮೊದಲ ಕರೆಗೆ ಬರಲಿ.

ತಪ್ಪಿನ ಸಂದೇಶ ಹೇಗಿರಬೇಕು?

ಬಳಕೆದಾರ ಟೈಪ್ ಮಾಡಿದ್ದರ ಮಾತಿನಲ್ಲಿರಬೇಕು. ಅವನು `ಪಠ್ಯ ಮಗುಚು` ಎಂದು ಬರೆದು ಆರ್ಗ್ಯುಮೆಂಟ್ ಮರೆತರೆ, ಒಳಗಿನ ಫಂಕ್ಷನ್ ತನ್ನ ಗುಪ್ತ ಹೆಸರಿನಿಂದ ದೂರಬಾರದು. ಟಿಕಲ್ ಎನ್ಸೆಂಬಲ್ ಈ ಹೆಸರನ್ನು ತಿದ್ದಿಯೇ ತೋರಿಸುತ್ತದೆ. ಚಿಕ್ಕ ಸಂಗತಿ, ಬಹಳ ಶ್ರಮ ಹಿಡಿಯುವಂಥದ್ದು. ಗೊತ್ತಿಲ್ಲದ ಹೆಸರಿಗೆ ಇಡೀ ಪಟ್ಟಿ ಮುಂದಿಡುವುದು ಹತ್ತು ಹೆಸರಿಗೆ ಚೆನ್ನ. ಅರವತ್ತಾದರೆ ಹತ್ತಿರದ ಎರಡು ಮೂರು ಸೂಚಿಸಿ ಸಾಕು. ತಾನೇ ಊಹಿಸಿ ಓಡಿಸುವುದು ಬೇಡ. ಗಿಟ್‌ನಲ್ಲಿ ಆ ಸೌಲಭ್ಯ ಇದೆ, ಎಷ್ಟು ಹೊತ್ತು ಕಾಯಬೇಕೆಂಬ ಸಂಖ್ಯೆ ಸೆಕೆಂಡಿನ ಹತ್ತನೆಯ ಒಂದರ ಲೆಕ್ಕದ್ದು. ಒಂದು ಸೆಕೆಂಡ್ ಎಂದುಕೊಂಡು 1 ಎಂದು ಬರೆದವರಿಗೆ ಬೆರಳು ಎತ್ತುವಷ್ಟರಲ್ಲಿ ಕಮಾಂಡ್ ಓಡಿರುತ್ತದೆ.

ಸಬ್‌ಕಮಾಂಡ್ ಒಳಗೆ ಮತ್ತೆ ಸಬ್‌ಕಮಾಂಡ್?

ಟೇಬಲ್‌ನ ಬಲಬದಿ ಇನ್ನೊಂದು ಟೇಬಲ್ ಆದರೆ ಆಯಿತು, ಹೊಸದೇನೂ ಬೇಡ. ಮೂರನೆಯ ಮಜಲಿಗೆ ಹೋಗಬೇಕೆನಿಸಿದರೆ ಹೆಸರುಗಳನ್ನು ಮತ್ತೊಮ್ಮೆ ಯೋಚಿಸಿ.

ಯಾವ ಪ್ಯಾಕೇಜ್ ಏನು ಸೇರಿಸಿತು ಎಂದು ತಿಳಿಯುವುದು ಹೇಗೆ?

ಟೇಬಲ್‌ನ ಪ್ರತಿ ನಮೂದಿನ ಜೊತೆ ಅದನ್ನು ಹಾಕಿದವರ ಹೆಸರು, ಕಡತ, ಸಾಲಿನ ಸಂಖ್ಯೆ ಇಡಿ. ಮೊದಲ ದಿನವೇ ಇಡಿ. ಆಮೇಲೆ ಸೇರಿಸಲು ಹೋದರೆ ಹಳೆಯ ಪ್ಯಾಕೇಜ್‌ಗಳೆಲ್ಲ ಅನಾಮಿಕವಾಗಿಯೇ ಉಳಿಯುತ್ತವೆ. ಪರೀಕ್ಷೆಯಲ್ಲಿ ಪ್ಯಾಕೇಜ್ ಲೋಡ್ ಮಾಡುವ ಮೊದಲು ಟೇಬಲ್‌ನ ಒಂದು ನಕಲು, ಆದಮೇಲೆ ಒಂದು ನಕಲು ತೆಗೆದು ಹೋಲಿಸಿ. ತಾನು ಘೋಷಿಸಿದ ಹೆಸರುಗಳ ಹೊರತು ಬೇರೇನಾದರೂ ಬದಲಾಗಿದ್ದರೆ ಆ ಪರೀಕ್ಷೆ ಬೀಳಲಿ. ಈ ಪರೀಕ್ಷೆ ಇದ್ದಿದ್ದರೆ ನನ್ನ ಎರಡು ಹೊದಿಕೆಗಳ ಜಗಳ ಮೊದಲ ಓಟದಲ್ಲೇ ಸಿಕ್ಕಿಬೀಳುತ್ತಿತ್ತು.